ಸಾಹಸದ ಹಣ, ಸರ್ಕಾರದ ಕೈ

ಈ ಹೊತ್ತಿನ ಮಾತಿಗೆ ನಾನು ಆರಿಸಿಕೊಂಡಿರುವ ವಿಷಯವನ್ನು ಕೇಳಿ ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಂಪ ರನ್ನರ ಪಾಠ ಹೇಳಿಕೊಂಡಿದ್ದ ಕನ್ನಡದ ಮೇಷ್ಟರಿಗೂ ವೆಂಚರ್ ಕ್ಯಾಪಿಟಲ್ ಎಂಬ ಹಣದ ವ್ಯವಹಾರಕ್ಕೂ ಏನು ನಂಟು ಎಂದು ಅವರು ಕೇಳಬಹುದು. ನಂಟು ಎರಡು ಬಗೆಯದು. ಒಂದು ಶಬ್ದದ ಮೂಲಕ ಬಂದದ್ದು, ಇನ್ನೊಂದು ನಮ್ಮ ಮನೆತನ ಕಳೆದುಕೊಂಡ ಒಂದು ಮನೆಯ ಮೂಲಕ ಬಂದದ್ದು.

ಮೊದಲು ಶಬ್ದದ ಮಾತು. ವೆಂಚರ್ ಕ್ಯಾಪಿಟಲ್ ಎಂಬುದನ್ನು ನಮ್ಮ ಪತ್ರಿಕೆಗಳು ‘ಸಾಹಸ ಬಂಡವಾಳ’ ಎಂದು ಕರೆದುದುಂಟು. ಸಾಹಸವೆಂದೊಡನೆ ಕನ್ನಡ ಓದಿದವರಿಗೆ ನೆನಪಾಗುವವನು ರನ್ನ. ಆತನ ಗದಾಯುದ್ಧಕ್ಕೆ ಸಾಹಸಭೀಮವಿಜಯವೆಂದೇ ಇನ್ನೊಂದು ಹೆಸರು. ಅಲ್ಲಿ ಸಾಹಸ ವೀರನ ಆಭರಣ. ಆದರೆ ಸಂಸ್ಕೃತದ ಧರ್ಮಶಾಸ್ತ್ರಗಳನ್ನು ತೆರೆದರೆ ಇದೇ ಶಬ್ದಕ್ಕೆ ಬಲಾತ್ಕಾರ, ದೌರ್ಜನ್ಯ ಎಂಬ ಅರ್ಥ; ರಾಜನು ವಿಚಾರಿಸಿ ದಂಡಿಸಬೇಕಾದ ಅಪರಾಧಗಳಲ್ಲಿ ಸಾಹಸವೂ ಒಂದು. ಒಂದೇ ಶಬ್ದ ಒಂದು ಕಡೆ ಬಿರುದು, ಇನ್ನೊಂದು ಕಡೆ ಆರೋಪ. ಹೊಸ ಉದ್ಯಮಕ್ಕೆ ಹಣ ಹೂಡುವವನ ವಿಷಯದಲ್ಲಿಯೂ ಲೋಕ ಹೀಗೆಯೇ ಮಾತಾಡುತ್ತದೆ. ಗೆದ್ದರೆ ಅವನು ದೂರದರ್ಶಿ, ಸೋತರೆ ಜೂಜುಗಾರ.

ಈ ಹಣದ ಲಕ್ಷಣವೇನೆಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಬ್ಯಾಂಕು ಸಾಲ ಕೊಡುವಾಗ ಅಡಮಾನ ಕೇಳುತ್ತದೆ, ತಿಂಗಳು ತಿಂಗಳು ಬಡ್ಡಿ ಕೇಳುತ್ತದೆ. ಸಾಹಸ ಬಂಡವಾಳ ಹೂಡುವವನು ಎರಡನ್ನೂ ಕೇಳುವುದಿಲ್ಲ; ಉದ್ಯಮದಲ್ಲಿ ಪಾಲು ಕೇಳುತ್ತಾನೆ. ಉದ್ಯಮ ಮುಳುಗಿದರೆ ಅವನ ಹಣವೂ ಮುಳುಗಿತು. ಎದ್ದರೆ ಪಾಲಿಗೆ ತಕ್ಕ ಲಾಭ. ಹತ್ತು ಕಡೆ ಹೂಡಿದರೆ ಬಹುಪಾಲು ಕಡೆ ನಷ್ಟವೋ ಅಲ್ಪಲಾಭವೋ ಆಗುವುದು ಅವನಿಗೆ ಗೊತ್ತಿದೆ; ಗೆದ್ದ ಒಂದೆರಡು ಉಳಿದವುಗಳ ನಷ್ಟವನ್ನೂ ತುಂಬಿಕೊಡಬೇಕು. ಆದ್ದರಿಂದ ಅವನು ಹಣ ಕೊಟ್ಟು ಸುಮ್ಮನಿರುವುದಿಲ್ಲ. ಸಲಹೆ ಹೇಳುತ್ತಾನೆ, ಗಿರಾಕಿಗಳನ್ನು ಹುಡುಕಿಕೊಡುತ್ತಾನೆ, ಕೆಲವೊಮ್ಮೆ ಸ್ಥಾಪಕನನ್ನೇ ಕೆಳಗಿಳಿಸಿ ಬೇರೊಬ್ಬನನ್ನು ಕೂರಿಸುತ್ತಾನೆ.

ನಮ್ಮ ಪ್ರಾಚೀನರಿಗೆ ಈ ಭೇದ ತಿಳಿಯದ್ದಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ತಿಂಗಳಿಗೆ ನೂರಕ್ಕೆ ಒಂದೂಕಾಲು ಧರ್ಮದ ಬಡ್ಡಿಯೆಂದು ಹೇಳಿ, ಕಾಡು ಹಾದು ಹೋಗುವ ವರ್ತಕರಿಗೆ ನೂರಕ್ಕೆ ಹತ್ತು, ಕಡಲ ಮೇಲೆ ಹೋಗುವವರಿಗೆ ಇಪ್ಪತ್ತು ಎಂದು ಬೇರೆ ದರ ಗೊತ್ತುಮಾಡುತ್ತದೆ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿಯೂ ಕಾಡಿಗೆ ಹತ್ತು, ಕಡಲಿಗೆ ಇಪ್ಪತ್ತೇ. ಅಪಾಯಕ್ಕೂ ಬೆಲೆಯಿದೆಯೆಂಬ ಅರಿವು ಇದು. ಆದರೆ ಎಷ್ಟೇ ಆಗಲಿ, ಅದು ಸಾಲ. ಅವೇ ಸ್ಮೃತಿಗಳಲ್ಲಿ ಸಂಭೂಯಸಮುತ್ಥಾನ ಎಂಬ ಇನ್ನೊಂದು ಪ್ರಕರಣವಿದೆ. ಹಲವು ವರ್ತಕರು ಕೂಡಿ ವ್ಯಾಪಾರ ಹೂಡಿದಾಗ ಲಾಭನಷ್ಟಗಳನ್ನು ಅವರವರ ಪಾಲಿಗೆ ತಕ್ಕಂತೆ ಹಂಚಿಕೊಳ್ಳುವ ನ್ಯಾಯ ಅಲ್ಲಿಯದು. ಸಂಭೂಯಸಮುತ್ಥಾನವೆಂದರೆ ಕೂಡಿ ಏಳುವುದು. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಇನ್ನು ಮನೆಯ ಮಾತು. ೧೯೮೩ರಲ್ಲಿ ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೆ. ಎಂಜಿನಿಯರಿಂಗ್ ಮುಗಿಸಿದ್ದ ನನ್ನ ಅಣ್ಣ, ಹಾಸನದ ಕಡೆಯ ನಮ್ಮ ಊರಿನಲ್ಲಿ, ಭತ್ತದಲ್ಲಿರುವ ತೇವಾಂಶವನ್ನು ಅಳೆಯುವ ಒಂದು ಸಣ್ಣ ಯಂತ್ರ ಮಾಡಿದ. ಹಸಿ ಉಳಿದ ಭತ್ತ ಗೋದಾಮಿನಲ್ಲಿ ಮುಗ್ಗು ಹಿಡಿದು ಹಾಳಾಗುವುದನ್ನು ಕಂಡು ಹುಟ್ಟಿದ ಯೋಚನೆ ಅದು. ಐವತ್ತು ಯಂತ್ರಗಳನ್ನು ಮಾಡಿ ಮಾರುವುದಕ್ಕೆ ಹಣ ಬೇಕಾಯಿತು. ಬ್ಯಾಂಕಿಗೆ ಹೋದ. ಅವರು ಯಂತ್ರವನ್ನು ನೋಡಲಿಲ್ಲ, ಮನೆಯ ಕಾಗದಪತ್ರ ಕೇಳಿದರು. ಅಪ್ಪ ಕೊಟ್ಟರು. ಯಂತ್ರ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಕೊಂಡವರು ದುಡ್ಡು ಕೊಡಲು ವರ್ಷಗಟ್ಟಲೆ ತಡಮಾಡಿದರು, ಬಡ್ಡಿ ತಡಮಾಡಲಿಲ್ಲ. ೧೯೮೭ರಲ್ಲಿ ಮನೆ ಹೋಯಿತು. ಬ್ಯಾಂಕಿನವರನ್ನು ನಾನು ದೂರುವುದಿಲ್ಲ. ಜನ ನಂಬಿ ಇಟ್ಟ ಠೇವಣಿಯ ಹಣ ಅದು. ಅಡಮಾನವಿಲ್ಲದೆ ಕೊಡುವ ಹಾಗಿಲ್ಲ. ಸಾಮಾನುಗಳನ್ನು ಗಾಡಿಗೆ ಹೇರುತ್ತಿದ್ದ ದಿನ ಅಪ್ಪ ಅಣ್ಣನನ್ನು ಒಂದು ಮಾತೂ ಅನ್ನಲಿಲ್ಲ. ನನ್ನನ್ನು ಮಾತ್ರ ಪಕ್ಕಕ್ಕೆ ಕರೆದು, “ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿರ್ತಾನೆ ಮಗೂ. ಪಾಲುಗಾರ ಆಗಿದ್ದರೆ ಒಳಗೆ ಬಂದು ಕೂತ್ಕೊತಿದ್ದ” ಎಂದರು. ಅಂಥ ಪಾಲುಗಾರ ಒಂದು ದೇಶದಲ್ಲಿ ಹೇಗೆ ಹುಟ್ಟುತ್ತಾನೆ, ಅವನನ್ನು ಹುಟ್ಟಿಸುವುದರಲ್ಲಿ ಸರ್ಕಾರದ ಪಾತ್ರವೇನು ಎಂಬ ಪ್ರಶ್ನೆ ಆಗ ನನ್ನೊಳಗೆ ಹೊಕ್ಕದ್ದು, ನಿವೃತ್ತನಾದ ಮೇಲೆ ಓದಿಗೆ ಬಿಡುವು ಸಿಕ್ಕಾಗ ಮತ್ತೆ ತಲೆಯೆತ್ತಿತು.

ಈ ಪಾಲುಗಾರನ ಆಧುನಿಕ ಚರಿತ್ರೆಯನ್ನು ಸಾಮಾನ್ಯವಾಗಿ ೧೯೪೬ರಿಂದ ಆರಂಭಿಸುತ್ತಾರೆ. ಅಮೆರಿಕದ ಬಾಸ್ಟನ್ನಿನಲ್ಲಿ ಆ ವರ್ಷ ಅಮೆರಿಕನ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಎಂಬ ಸಂಸ್ಥೆ ಹುಟ್ಟಿತು. ಅದನ್ನು ನಡೆಸಿದವನು ಜಾರ್ಜ್ ಡೋರಿಯೊ. ಫ್ರಾನ್ಸಿನಲ್ಲಿ ಹುಟ್ಟಿ ಹಾರ್ವರ್ಡಿನಲ್ಲಿ ಪಾಠ ಹೇಳುತ್ತಿದ್ದ ಪ್ರಾಧ್ಯಾಪಕ. ಮೇಷ್ಟರುಗಳಿಗೆ ವ್ಯವಹಾರ ತಿಳಿಯದೆಂಬ ಮಾತಿಗೆ ಆತನೇ ಉತ್ತರ. ೧೯೫೭ರಲ್ಲಿ ಈ ಸಂಸ್ಥೆ ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಹೊಸ ಕಂಪ್ಯೂಟರ್ ಕಂಪೆನಿಯಲ್ಲಿ ೭೦ ಸಾವಿರ ಡಾಲರುಗಳನ್ನು ಹೂಡಿತು. ಹತ್ತು ಹನ್ನೊಂದು ವರ್ಷಗಳಲ್ಲಿ ಆ ಪಾಲಿನ ಬೆಲೆ ೩೫ ಕೋಟಿ ಡಾಲರನ್ನು ಮೀರಿತು. ಅಡಮಾನವಿಲ್ಲದ ಹಣ ಏನು ಮಾಡಬಲ್ಲುದೆಂಬುದು ಲೋಕಕ್ಕೆ ಕಂಡದ್ದು ಆಗ.

ಅಲ್ಲಿಯ ಸರ್ಕಾರವೂ ಸುಮ್ಮನಿರಲಿಲ್ಲ. ೧೯೫೭ರ ಅಕ್ಟೋಬರಿನಲ್ಲಿ ರಷ್ಯನ್ನರು ಸ್ಪುಟ್ನಿಕ್ ಹಾರಿಸಿದ್ದರಿಂದ ಅಮೆರಿಕಕ್ಕೆ ದಿಗಿಲಾಗಿತ್ತು. ೧೯೫೮ರಲ್ಲಿ ಸಣ್ಣ ಉದ್ಯಮಗಳಲ್ಲಿ ಹಣ ಹೂಡುವ ಖಾಸಗಿ ಕಂಪೆನಿಗಳಿಗೆ ಪರವಾನಗಿ ಕೊಟ್ಟು, ಅವು ಕೂಡಿಸಿದ ಬಂಡವಾಳದ ಮೇಲೆ ತಾನೂ ಅಗ್ಗದ ಸಾಲ ಕೊಡುವ ಕಾಯಿದೆಯನ್ನು ಮಾಡಿತು. ಕೆಲವೇ ವರ್ಷಗಳಲ್ಲಿ ಇಂಥ ಕಂಪೆನಿಗಳು ಆರುನೂರನ್ನು ದಾಟಿದುವು. ಆದರೆ ಇಲ್ಲಿ ಒಂದು ಎಡವಟ್ಟು ಇತ್ತು. ಸರ್ಕಾರದಿಂದ ಸಾಲವಾಗಿ ಬಂದ ಹಣಕ್ಕೆ ಬಡ್ಡಿ ತೆರಬೇಕು. ಬಡ್ಡಿ ತೆರಬೇಕಾದವನು ತಾನೂ ಬಡ್ಡಿಗೇ ಕೊಡುತ್ತಾನೆ. ಪಾಲುಗಾರರಾಗಬೇಕಾಗಿದ್ದವರಲ್ಲಿ ಅನೇಕರು ಲೇವಾದೇವಿಗಾರರಾದರು. ನಿಯಮ ಮೀರಿದವರೂ ಮುಳುಗಿದವರೂ ಕಡಮೆಯಿರಲಿಲ್ಲ. ಹಾಗೆಂದು ಅದೆಲ್ಲ ವ್ಯರ್ಥವಾಯಿತೆಂದು ಹೇಳಲಾಗದು. ಆ ಕಂಪೆನಿಗಳಲ್ಲಿ ಕೆಲಸ ಕಲಿತವರು ಮುಂದೆ ಕ್ಯಾಲಿಫೋರ್ನಿಯಾದಲ್ಲಿ ತಮ್ಮವೇ ನಿಧಿಗಳನ್ನು ಕಟ್ಟಿದರು.

ಅಮೆರಿಕದಲ್ಲಿ ದೊಡ್ಡ ಬದಲಾವಣೆ ಬಂದದ್ದು ಸರ್ಕಾರ ಕೊಟ್ಟ ಹಣದಿಂದಲ್ಲವೆಂಬುದು ಗಮನಿಸತಕ್ಕ ವಿಷಯ. ೧೯೭೪ರ ಪಿಂಚಣಿ ಕಾಯಿದೆಯ ಪ್ರಕಾರ ನಿಧಿಯ ಪಾಲಕರು ವಿವೇಕಿಯಂತೆ ನಡೆಯಬೇಕು. ತಪ್ಪಿದರೆ ಹೊಣೆ ಅವರದೇ. ಹೊಸ ಕಂಪೆನಿಯಲ್ಲಿ ಒಂದು ಡಾಲರು ಹೂಡುವುದೂ ಅವಿವೇಕವೆನ್ನಿಸಿಕೊಂಡೀತೆಂದು ಅವರು ಹೆದರಿ ಕೂತರು. ೧೯೭೯ರಲ್ಲಿ ಕಾರ್ಮಿಕ ಇಲಾಖೆ ಒಂದು ವಿವರಣೆ ಹೊರಡಿಸಿತು: ಹೂಡಿಕೆಯೊಂದನ್ನು ಬಿಡಿಯಾಗಿ ನೋಡದೆ ಒಟ್ಟು ನಿಧಿಯ ಹಿನ್ನೆಲೆಯಲ್ಲಿ ನೋಡಬೇಕು, ಅದರ ಒಂದು ಅಂಶವನ್ನು ಅಪಾಯದ ಕಡೆ ಇಟ್ಟರೆ ತಪ್ಪಾಗದು ಎಂದು. ಅದಕ್ಕೆ ಹಿಂದಿನ ವರ್ಷ ಬಂಡವಾಳ ಲಾಭದ ಮೇಲಿನ ತೆರಿಗೆಯೂ ಇಳಿದಿತ್ತು. ಪಿಂಚಣಿಯ ಹಣ ಈ ಕಡೆ ಹರಿದುಬರತೊಡಗಿತು. ಬೊಕ್ಕಸದಿಂದ ಕಾಸೂ ಖರ್ಚಾಗದ ಒಂದು ವಿವರಣೆ ಕೋಟಿಗಟ್ಟಲೆ ಅನುದಾನ ಮಾಡದ ಕೆಲಸವನ್ನು ಮಾಡಿತು.

ಈಗ ಐರೋಪ್ಯ ಖಂಡಕ್ಕೆ ಬರೋಣ. ೧೯೭೫ರಲ್ಲಿ ಪಶ್ಚಿಮ ಜರ್ಮನಿಯ ಸರ್ಕಾರ ಅಲ್ಲಿಯ ಬ್ಯಾಂಕುಗಳನ್ನು ಕೂಡಿಸಿ ಸಾಹಸ ಬಂಡವಾಳದ ಒಂದು ಕಂಪೆನಿಯನ್ನು ಸ್ಥಾಪಿಸಿತು. ಬ್ಯಾಂಕುಗಳು ಹೆದರದಿರಲೆಂದು, ನಷ್ಟವಾದರೆ ನೂರರಲ್ಲಿ ಎಪ್ಪತ್ತೈದು ಪಾಲನ್ನು ತಾನೇ ಹೊರುವುದಾಗಿ ಭರವಸೆ ಕೊಟ್ಟಿತು. ಉದ್ಯಮಿಗೂ ಒಂದು ಅನುಕೂಲ ಕಲ್ಪಿಸಿತು: ಅವನ ಉದ್ಯಮ ಏಳಿಗೆಗೆ ಬಂದರೆ, ಕಂಪೆನಿ ಹಾಕಿದ ಅಸಲಿಗೆ ಮಿತವಾದ ಬಡ್ಡಿ ಸೇರಿಸಿ ಕೊಟ್ಟು ತನ್ನ ಪಾಲನ್ನು ಹಿಂದಕ್ಕೆ ಕೊಳ್ಳಬಹುದು. ಹೊರನೋಟಕ್ಕೆ ಎಂಥ ಔದಾರ್ಯ! ಪರಿಣಾಮವೇನು? ಗೆದ್ದ ಉದ್ಯಮಿ ಪಾಲನ್ನು ಅಗ್ಗಕ್ಕೆ ಕೊಂಡು ಹೊರಟುಹೋಗಬಹುದು, ಸೋತವನು ಮಾತ್ರ ಕಂಪೆನಿಯ ಕೊರಳಿಗೆ ಉಳಿಯುತ್ತಾನೆ. ಗೆಲುವಿನಿಂದ ಲಾಭವಿಲ್ಲ, ಸೋಲಿನಿಂದ ಹೆಚ್ಚು ನಷ್ಟವಿಲ್ಲ. ಇಂಥ ಏರ್ಪಾಟಿನಲ್ಲಿ ಯಾರು ತಾನೆ ನಿದ್ದೆಗೆಟ್ಟು ದುಡಿದಾರು? ಕಂಪೆನಿ ನಷ್ಟದಲ್ಲಿಯೇ ಸಾಗಿ ಸೋತಿತು.

ಈ ಪಾಠವನ್ನು ಇನ್ನೂ ನಿಚ್ಚಳವಾಗಿ ಕಲಿಸಿದ ದೇಶ ಇಸ್ರೇಲ್. ನಾನು ಹೇಳಬೇಕೆಂದಿರುವ ಚರಿತ್ರೆಯ ತಿರುಳು ಅದೇ. ಆ ದೇಶದ ರಾಜಕೀಯದ ವಿಷಯದಲ್ಲಿ ಲೋಕ ಒಂದೇ ಮಾತಿನದಾಗಿಲ್ಲ. ಅದನ್ನು ಇಲ್ಲಿ ನಾನು ಎತ್ತಿಕೊಂಡಿಲ್ಲ. ಒಂದು ಸರ್ಕಾರ ಎರಡೇ ವರ್ಷಗಳ ಅಂತರದಲ್ಲಿ ಮಾಡಿದ ಎರಡು ಪ್ರಯೋಗಗಳನ್ನಷ್ಟೇ ನೋಡೋಣ.

೧೯೮೪ರಲ್ಲಿ ಇಸ್ರೇಲಿನ ಹಣದುಬ್ಬರ ನೂರಕ್ಕೆ ನಾನೂರನ್ನು ಮೀರಿತ್ತು. ೧೯೮೫ರ ಕಠಿಣ ಕ್ರಮಗಳಿಂದ ಅದು ಹತೋಟಿಗೆ ಬಂತು. ೧೯೮೭ರಲ್ಲಿ ಲಾವಿ ಎಂಬ ಯುದ್ಧವಿಮಾನದ ಯೋಜನೆಯನ್ನು ಖರ್ಚು ತಾಳಲಾರದೆ ಕೈಬಿಟ್ಟರು; ನುರಿತ ಎಂಜಿನಿಯರುಗಳು ಕೆಲಸವಿಲ್ಲದೆ ಬೀದಿಗೆ ಬಿದ್ದರು. ೧೯೮೯ರಿಂದ ಸೋವಿಯತ್ ಒಕ್ಕೂಟದ ಯಹೂದಿಗಳು ಅಲೆಯ ಮೇಲೆ ಅಲೆಯಾಗಿ ಬಂದಿಳಿಯತೊಡಗಿದರು. ಅರ್ಧ ಕೋಟಿಯೂ ತುಂಬದಿದ್ದ ದೇಶಕ್ಕೆ ಹತ್ತು ಹನ್ನೆರಡು ವರ್ಷಗಳಲ್ಲಿ ಬಂದವರು ಹತ್ತು ಲಕ್ಷದ ಆಸುಪಾಸು. ಅವರಲ್ಲಿ ಎಂಜಿನಿಯರುಗಳು, ವಿಜ್ಞಾನಿಗಳು, ವೈದ್ಯರು ಹೇರಳವಾಗಿದ್ದರು. ವಿದ್ಯೆಯಿತ್ತು, ಕೆಲಸವಿರಲಿಲ್ಲ. ೧೯೬೯ರಿಂದಲೇ ಅಲ್ಲಿ ಮುಖ್ಯ ವಿಜ್ಞಾನಿಯ ಕಚೇರಿಯೊಂದು ಉದ್ಯಮಗಳ ಸಂಶೋಧನೆಗೆ ಅನುದಾನ ಕೊಡುತ್ತಿತ್ತು. ಅನುದಾನದಿಂದ ಒಳ್ಳೊಳ್ಳೆಯ ಯಂತ್ರಗಳು ಹುಟ್ಟಿದುವು, ಆದರೆ ಅನೇಕವು ಮಾರುಕಟ್ಟೆ ಮುಟ್ಟದೆ ಪ್ರಯೋಗಶಾಲೆಯಲ್ಲಿಯೇ ಕಣ್ಣುಮುಚ್ಚಿದುವು. ಅವುಗಳನ್ನು ಮಾರಲು ಬಲ್ಲ, ಪರದೇಶದ ಗಿರಾಕಿಯ ಮನಸ್ಸು ಅರಿತ ಪಾಲುಗಾರರು ಇರಲಿಲ್ಲ. ಈ ಭಾಗವನ್ನು ಓದುವಾಗ ನಮ್ಮ ಅಣ್ಣನ ಯಂತ್ರ ನನ್ನ ಕಣ್ಣ ಮುಂದೆ ಬಂದು ನಿಂತಿತೆಂಬುದನ್ನು ಮುಚ್ಚಿಡಲಾರೆ.

ಮೊದಲನೆಯ ಪ್ರಯೋಗ ೧೯೯೨ರದು, ಇನ್‌ಬಾಲ್ ಎಂಬ ಹೆಸರಿನದು. ಸರ್ಕಾರದ ವಿಮಾ ಸಂಸ್ಥೆಯೊಂದರ ಮೂಲಕ, ಷೇರುಪೇಟೆಯಲ್ಲಿ ನೋಂದಾಯಿತವಾದ ಸಾಹಸ ನಿಧಿಗಳಿಗೆ ನೂರಕ್ಕೆ ಎಪ್ಪತ್ತರವರೆಗೆ ನಷ್ಟದ ಭದ್ರತೆ ಕೊಟ್ಟರು. ಜರ್ಮನಿಯ ಹಾಗೆಯೇ ಭಯವನ್ನು ಕೊಂಡುಕೊಳ್ಳುವ ಉಪಾಯ. ನಾಲ್ಕು ನಿಧಿಗಳು ಹುಟ್ಟಿದುವು. ನಷ್ಟದ ಭಯವಿಲ್ಲದ್ದರಿಂದ ಸಮರ್ಥರನ್ನು ಹುಡುಕುವ ಆತುರವೂ ಇರಲಿಲ್ಲ. ಮೇಲಾಗಿ ಪೇಟೆಯ ನಿಯಮಗಳು, ವರದಿಗಳು, ಕಚೇರಿಯ ಕಾಗದಗಳು. ನಿಧಿಗಳು ಬಾಡಿದುವು.

ಎರಡನೆಯದು ೧೯೯೩ರ ಯೋಜ್ಮಾ. ಹೀಬ್ರೂ ಭಾಷೆಯಲ್ಲಿ ಆ ಮಾತಿಗೆ ಉಪಕ್ರಮ, ತಾನಾಗಿ ಮುಂದಡಿಯಿಡುವುದು ಎಂಬ ಅರ್ಥ. ಅದರ ಹಿಂದಿದ್ದವನು, ಅದಕ್ಕೆ ಮುನ್ನ ಮುಖ್ಯ ವಿಜ್ಞಾನಿಯ ಹುದ್ದೆಯಲ್ಲಿದ್ದ ಯಿಗಾಲ್ ಎರ್ಲಿಖ್. ಸರ್ಕಾರ ತೆಗೆದಿಟ್ಟದ್ದು ೧೦ ಕೋಟಿ ಡಾಲರು. ಇದರಲ್ಲಿ ೨ ಕೋಟಿಯನ್ನು ನೇರವಾಗಿ ಕಂಪೆನಿಗಳಲ್ಲಿ ಹೂಡಲು ಇಟ್ಟುಕೊಂಡು, ಉಳಿದ ೮ ಕೋಟಿಯನ್ನು ಹತ್ತು ಹೊಸ ಖಾಸಗಿ ನಿಧಿಗಳಿಗೆ ತಲಾ ಸುಮಾರು ೮೦ ಲಕ್ಷದಂತೆ ಹಂಚಿತು. ಪ್ರತಿಯೊಂದರಲ್ಲಿಯೂ ಸರ್ಕಾರದ ಪಾಲು ನೂರಕ್ಕೆ ನಲವತ್ತರ ಒಳಗೆ; ಉಳಿದದ್ದನ್ನು ಖಾಸಗಿಯವರೇ ತರಬೇಕು. ಪಾಲುದಾರರಲ್ಲಿ ಒಬ್ಬರು ಈ ಕಸಬಿನಲ್ಲಿ ಪಳಗಿದ ಪರದೇಶದವರಾಗಿರಬೇಕು, ಇನ್ನೊಬ್ಬರು ಇಸ್ರೇಲಿನದೇ ಹಣಕಾಸು ಸಂಸ್ಥೆಯಾಗಿರಬೇಕು. ಹಣ ಪರದೇಶದಿಂದ ಬರುವಾಗ ಅದರ ಜೊತೆಗೆ ವಿದ್ಯೆಯೂ ಬರಲಿ, ಆ ವಿದ್ಯೆ ಊರಿನವರ ಕೈಗೆ ಇಳಿಯಲಿ ಎಂಬುದು ಇದರ ಹೂಟ.

ನಷ್ಟಕ್ಕೆ ಭದ್ರತೆಯೇನೂ ಇರಲಿಲ್ಲ. ಮುಳುಗಿದರೆ ಎಲ್ಲರೂ ಕೂಡಿ ಮುಳುಗಬೇಕು. ಆದರೆ ಗೆದ್ದರೆ? ಐದು ವರ್ಷಗಳ ಒಳಗೆ, ಸರ್ಕಾರ ಹಾಕಿದ ಅಸಲಿಗೆ ಗೊತ್ತಾದ ಬಡ್ಡಿ ಸೇರಿಸಿ ಕೊಟ್ಟು, ಅದರ ಪಾಲನ್ನು ಖಾಸಗಿ ಪಾಲುದಾರರು ಕೊಂಡುಕೊಳ್ಳಬಹುದಾಗಿತ್ತು. ಲಾಭದ ದೊಡ್ಡ ಪಾಲು ಅವರದೇ. ಶ್ರೋತೃಗಳು ಜರ್ಮನಿಯ ಕರಾರನ್ನು ಜ್ಞಾಪಿಸಿಕೊಳ್ಳಬೇಕು. ಅಸಲಿಗೆ ಬಡ್ಡಿ ಸೇರಿಸಿ ಪಾಲನ್ನು ಹಿಂದಕ್ಕೆ ಕೊಳ್ಳುವ ಹಕ್ಕು ಅಲ್ಲಿಯೂ ಇತ್ತು. ಅಲ್ಲಿ ಅದು ಉದ್ಯಮಿಯ ಕೈಯಲ್ಲಿದ್ದು ಹೂಡಿಕೆದಾರನ ಲಾಭವನ್ನು ಕಿತ್ತುಕೊಂಡಿತು. ಇಲ್ಲಿ ಹೂಡಿಕೆದಾರನ ಕೈಯಲ್ಲಿದ್ದು ಸರ್ಕಾರದ ಲಾಭವನ್ನು ಅವನಿಗೆ ದಾಟಿಸಿತು. ಕರಾರಿನ ಮಾತು ಒಂದೇ, ಅದನ್ನು ಹಿಡಿದ ಕೈ ಬೇರೆ, ಫಲವೂ ಬೇರೆ. ಕಾವ್ಯದಲ್ಲಿ ಒಂದು ವಿಭಕ್ತಿ ಪಲ್ಲಟವಾದರೆ ಕರ್ತೃವೇ ಬೇರೆಯಾಗುತ್ತಾನೆಂದು ನಾವು ಪಾಠ ಹೇಳುತ್ತೇವಷ್ಟೆ, ರಾಜ್ಯನೀತಿಯಲ್ಲಿಯೂ ಹಾಗೆಯೇ.

ಫಲವೇನಾಯಿತೆಂಬುದು ಈಗ ಚರಿತ್ರೆ. ಹತ್ತು ನಿಧಿಗಳೂ ಸೇರಿ ೨೦ ಕೋಟಿ ಡಾಲರಿಗೂ ಹೆಚ್ಚು ಹಣ ಕೂಡಿತು. ಹತ್ತರಲ್ಲಿ ಎಂಟು ನಿಧಿಗಳು ಸರ್ಕಾರದ ಪಾಲನ್ನು ಕೊಂಡುಕೊಂಡುವು. ಅಷ್ಟು ಹೊತ್ತಿಗೆ ಅವುಗಳನ್ನು ನೋಡಿ ಬೇರೆ ನಿಧಿಗಳೂ ಹುಟ್ಟಿದ್ದುವು. ೧೯೯೭-೯೮ರ ಹೊತ್ತಿಗೆ ಸರ್ಕಾರ ಯೋಜ್ಮಾವನ್ನೂ ಖಾಸಗಿಯವರಿಗೆ ವಹಿಸಿ ಹಿಂದೆ ಸರಿಯಿತು. ೨೦೦೦ದ ಒಂದೇ ವರ್ಷ ಇಸ್ರೇಲಿನ ಹೊಸ ಕಂಪೆನಿಗಳಿಗೆ ಹರಿದುಬಂದ ಸಾಹಸ ಬಂಡವಾಳ ೩೦೦ ಕೋಟಿ ಡಾಲರಿನ ಆಸುಪಾಸು. ಮರುವರ್ಷ ಜಗತ್ತಿನಾದ್ಯಂತ ಈ ಪೇಟೆ ಕುಸಿದಾಗ ಇಸ್ರೇಲೂ ಕುಸಿಯಿತು. ಆದರೆ ಕಸಬು ಬಲ್ಲವರು ಅಲ್ಲಿ ಉಳಿದಿದ್ದರು, ಆದ್ದರಿಂದ ಮತ್ತೆ ಎದ್ದಿತು.

ಈ ಕಥೆಯಲ್ಲಿ ನನ್ನನ್ನು ಬಹಳ ಕಾಲ ಕಾಡಿದ ಒಂದು ಸಂದೇಹವನ್ನು ಹೇಳಲೇಬೇಕು. ಬಡವನೂ ತೆತ್ತ ತೆರಿಗೆಯ ಹಣವನ್ನು ಸರ್ಕಾರ ಅಪಾಯಕ್ಕೆ ಒಡ್ಡಿ, ಗೆದ್ದಾಗ ಲಾಭವನ್ನು ಉಳ್ಳವರಿಗೆ ಬಿಟ್ಟುಕೊಡುವುದು ನ್ಯಾಯವೆ? ಮೇಲುನೋಟಕ್ಕೆ ಅನ್ಯಾಯವೆಂದೇ ತೋರುತ್ತದೆ. ಆದರೆ ಸರ್ಕಾರಕ್ಕೆ ಬೇಕಾಗಿದ್ದದ್ದು ಒಂದು ನಿಧಿಯ ಲಾಭವಲ್ಲ. ಆ ಕಸಬು ದೇಶದಲ್ಲಿ ಬೇರೂರಬೇಕಾಗಿತ್ತು. ಕಂಪೆನಿಗಳು ಬೆಳೆದಾಗ ತೆರಿಗೆಯಾಗಿ, ಕೆಲಸವಾಗಿ, ರಫ್ತಾಗಿ ಅದರ ಪಾಲು ಅದಕ್ಕೆ ಬರುತ್ತದೆ. ಹೀಗಿದ್ದರೂ ಸಂದೇಹ ಪೂರ್ತಿ ಅಳಿಯುವುದಿಲ್ಲ. ಇಸ್ರೇಲಿನಲ್ಲಿ ಇಂದಿಗೂ ಈ ಉನ್ನತ ತಂತ್ರಜ್ಞಾನದ ಉದ್ಯಮಗಳಲ್ಲಿ ದುಡಿಯುವವರು ಒಟ್ಟು ದುಡಿಯುವವರಲ್ಲಿ ಸರಿಸುಮಾರು ಹತ್ತನೆಯ ಒಂದು ಪಾಲು. ಆ ಸಂಪತ್ತು ತಾನಾಗಿ ಉಳಿದವರ ಮನೆಗೆ ಹರಿದುಹೋಗದು. ಅದಕ್ಕೆ ಬೇರೆ ಕಾಲುವೆ ತೋಡಬೇಕು. ಇನ್ನೊಂದು ಮಾತು. ಯೋಜ್ಮಾ ಬೀಜ ಬಿತ್ತಿದ ನೆಲ ಬರಡಾಗಿರಲಿಲ್ಲ. ಇಪ್ಪತ್ತೈದು ವರ್ಷಗಳ ಸಂಶೋಧನಾ ಅನುದಾನ, ಒಳ್ಳೆಯ ವಿಶ್ವವಿದ್ಯಾನಿಲಯಗಳು, ವಲಸೆ ಬಂದ ವಿದ್ಯಾವಂತರು, ಅಮೆರಿಕದ ಪೇಟೆಯ ನಂಟು, ಇವೆಲ್ಲ ಮೊದಲೇ ಇದ್ದುವು. ಇವುಗಳಿಲ್ಲದ ಕಡೆ ಹತ್ತು ನಿಧಿಗಳನ್ನು ಮಾತ್ರ ನಕಲು ಮಾಡಿದರೆ ಹತ್ತು ಕಚೇರಿಗಳಾದಾವು, ಅಷ್ಟೆ.

ನಮ್ಮಲ್ಲಿ ಇಂಥದು ನಡೆದಿಲ್ಲವೆ ಎಂದು ಕೇಳಬಹುದು. ನಡೆದಿದೆ. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಹೂಡಲು ಹೊರಟಾಗ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಮೈಸೂರು ಸರ್ಕಾರ ನೆಲ ಕೊಟ್ಟಿತು. ಕೊಟ್ಟು ದೂರ ನಿಲ್ಲದೆ ೨೫ ಲಕ್ಷ ರೂಪಾಯಿ ಹೂಡಿ ಪಾಲುದಾರನೂ ಆಯಿತು. ಅಂದು ಈ ದೇಶದಲ್ಲಿ ವಿಮಾನ ಕಟ್ಟುವುದೆಂದರೆ ಸಾಹಸದ ಮಾತೇ. ಸಂಸ್ಥಾನವೊಂದು ಸಾಲಗಾರನಾಗಿ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು ಕೂತ ಪ್ರಸಂಗ ಅದು.

ಸ್ವಾತಂತ್ರ್ಯದ ಮೇಲೆ, ಸಾಹಸ ಬಂಡವಾಳವೆಂಬ ಹೆಸರಿನಲ್ಲಿಯೇ ನಮ್ಮ ಸರ್ಕಾರ ಕೈಹಾಕಿದ್ದು ಎಂಬತ್ತರ ದಶಕದ ನಡುವೆ. ೧೯೮೬ರಲ್ಲಿ, ಪರದೇಶದ ತಂತ್ರಜ್ಞಾನಕ್ಕೆ ತೆರುವ ಹಣದ ಮೇಲೆ ನೂರಕ್ಕೆ ಐದರ ಮೇಲುತೆರಿಗೆ ಹಾಕಿ ಅದರಿಂದ ಒಂದು ಸಾಹಸ ನಿಧಿ ಕಟ್ಟಲು ಕಾಯಿದೆಯಾಯಿತು. ೧೯೮೮ರ ನವೆಂಬರಿನಲ್ಲಿ ಮೊದಲ ಮಾರ್ಗಸೂಚಿ ಬಂತು. ಒಟ್ಟು ಹೂಡಿಕೆ ೧೦ ಕೋಟಿ ರೂಪಾಯಿ ಮೀರಕೂಡದು, ತಂತ್ರಜ್ಞಾನ ಹೊಸದಾಗಿರಬೇಕು, ಉದ್ಯಮಿಯೂ ಹೊಸಬನಾಗಿರಬೇಕು ಎಂದು ಕಟ್ಟಳೆಗಳು. ಐಸಿಐಸಿಐ ಮತ್ತು ಯೂನಿಟ್ ಟ್ರಸ್ಟ್ ಕೂಡಿ ನಡೆಸಿದ ಟಿಡಿಐಸಿಐ ಎಂಬ ಸಂಸ್ಥೆ ಆ ವರ್ಷವೇ ನಮ್ಮ ಬೆಂಗಳೂರಿನಲ್ಲಿ ಆರಂಭವಾಯಿತು. ಕೆನರಾ ಬ್ಯಾಂಕಿನ ಸಾಹಸ ನಿಧಿಯೂ ಮರುವರ್ಷ ಇಲ್ಲಿಯೇ ಹುಟ್ಟಿತು. ಆಗ ಐಸಿಐಸಿಐಗೆ ಅಧ್ಯಕ್ಷರಾಗಿದ್ದ ಎನ್. ವಾಘುಲ್ ಅವರ ಹೆಸರನ್ನು ಈ ಚರಿತ್ರೆ ಮರೆಯಲಾಗದು. ನಮ್ಮ ಮನೆ ಹೋದ ಮರುವರ್ಷವೇ ಇದೆಲ್ಲ ನಡೆಯಿತೆಂಬುದನ್ನು ನಾನು ಆಮೇಲೆ ಓದಿ ತಿಳಿದಾಗ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಕೂತಿದ್ದೆ.

ಮುಂದಿನ ದಾರಿ ನೇರವಾಗಿರಲಿಲ್ಲ. ೧೯೯೬ರಲ್ಲಿ ಸೆಬಿಯ ನಿಯಮಗಳು ಬಂದುವು. ೨೦೦೦ದಲ್ಲಿ ಕೆ. ಬಿ. ಚಂದ್ರಶೇಖರ್ ಸಮಿತಿಯ ಸಲಹೆಯಂತೆ ಅವು ಸಡಿಲವಾದುವು. ೨೦೧೨ರಲ್ಲಿ ಒಂದು ಕೈ ಕೊಟ್ಟಿತು, ಇನ್ನೊಂದು ಕೈ ಕಸಿದುಕೊಂಡಿತು. ಆ ವರ್ಷ ಸೆಬಿ ಇಂಥ ನಿಧಿಗಳಿಗೆಲ್ಲ ಹೊಸ ಚೌಕಟ್ಟನ್ನು ಒದಗಿಸಿತು. ಅದೇ ವರ್ಷದ ಹಣಕಾಸು ಕಾಯಿದೆಯಲ್ಲಿ, ಜನರ ಬಾಯಲ್ಲಿ ಏಂಜೆಲ್ ಟ್ಯಾಕ್ಸ್ ಎಂದು ಹೆಸರಾದ ತೆರಿಗೆ ಹುಟ್ಟಿತು. ಕಂಪೆನಿಯ ಷೇರನ್ನು ಅದರ ನ್ಯಾಯಬೆಲೆಗಿಂತ ಹೆಚ್ಚು ಕೊಟ್ಟು ಯಾರಾದರೂ ಕೊಂಡರೆ, ಆ ಹೆಚ್ಚಳವನ್ನು ಆದಾಯವೆಂದು ಎಣಿಸಿ ತೆರಿಗೆ ಕೇಳುವ ಏರ್ಪಾಟು. ಕಪ್ಪುಹಣವನ್ನು ಬಿಳಿದು ಮಾಡುವುದನ್ನು ತಡೆಯುವ ಸದುದ್ದೇಶವೇ ಇದ್ದಿರಬಹುದು. ಆದರೆ ಹೊಸ ಉದ್ಯಮದ ಬೆಲೆಯೆಂದರೆ ನಾಳಿನ ನಿರೀಕ್ಷೆಯ ಬೆಲೆ. ಅದಕ್ಕೆ ಇಂದಿನ ಲೆಕ್ಕಪುಸ್ತಕದಲ್ಲಿ ಸಾಕ್ಷಿ ಕೇಳುವುದೂ, ಯಂತ್ರ ನೋಡದೆ ಮನೆಯ ಕಾಗದಪತ್ರ ಕೇಳುವುದೂ ಒಂದೇ. ಹನ್ನೆರಡು ವರ್ಷಗಳ ಮೇಲೆ, ೨೦೨೪ರ ಮುಂಗಡಪತ್ರದಲ್ಲಿ, ಅದನ್ನು ತೆಗೆದುಹಾಕುವುದಾಗಿ ಸರ್ಕಾರ ಸಾರಿತು.

ನಡುವೆ ೨೦೧೬ರಲ್ಲಿ ೧೦ ಸಾವಿರ ಕೋಟಿ ರೂಪಾಯಿಗಳ ‘ನಿಧಿಗಳ ನಿಧಿ’ಯೊಂದನ್ನು ಕೇಂದ್ರ ಸರ್ಕಾರ ಸಿಡ್ಬಿಯ ಕೈಗೆ ಕೊಟ್ಟಿತು. ಸಿಡ್ಬಿ ತಾನೇ ಉದ್ಯಮಗಳನ್ನು ಆರಿಸುವುದಿಲ್ಲ. ಖಾಸಗಿ ನಿಧಿಗಳಲ್ಲಿ ಹೂಡುತ್ತದೆ. ಆ ನಿಧಿಗಳು ಸರ್ಕಾರದಿಂದ ಬಂದದ್ದಕ್ಕೆ ಕನಿಷ್ಠ ಎರಡರಷ್ಟನ್ನು ನವೋದ್ಯಮಗಳಲ್ಲಿ ತೊಡಗಿಸಬೇಕು. ೨೦೨೫ರ ಮುಂಗಡಪತ್ರ ಅಷ್ಟೇ ಮೊತ್ತದ ಇನ್ನೊಂದು ನಿಧಿಯನ್ನು ಸಾರಿತು. ಯೋಜ್ಮಾದ ತತ್ತ್ವದಲ್ಲಿ ಮೊದಲನೆಯ ಅರ್ಧವನ್ನು ನಾವು ಕಲಿತಿದ್ದೇವೆ: ಆರಿಸುವ ಕೆಲಸವನ್ನು ಬಲ್ಲವರಿಗೆ ಬಿಡಬೇಕು. ಎರಡನೆಯ ಅರ್ಧ ಹಿಂದೆ ಸರಿಯುವುದು. ಇಂಥ ದಿನ ಇಂಥ ಬೆಲೆಗೆ ಹೊರಟುಹೋಗುತ್ತೇನೆಂದು ಒಳಗೆ ಬರುವಾಗಲೇ ಹೇಳಿ ಬರುವ ಸರ್ಕಾರ ಅಪರೂಪ. ಇಸ್ರೇಲು ಅದನ್ನು ಕಾಗದದ ಮೇಲೆ ಬರೆದುಕೊಟ್ಟಿತ್ತು. ಇನ್ನೊಂದು ಕೊರತೆಯೂ ಉಂಟು. ನಮ್ಮ ನವೋದ್ಯಮಗಳಿಗೆ ಬಂದ ಸಾಹಸ ಬಂಡವಾಳದಲ್ಲಿ ಬಹುಪಾಲು ಪರದೇಶದ್ದು. ನಮ್ಮವರ ಉಳಿತಾಯ ಇನ್ನೂ ಚಿನ್ನದಲ್ಲಿ, ಸೈಟಿನಲ್ಲಿ, ಠೇವಣಿಯಲ್ಲಿ ಕೂತಿದೆ. ಬಿತ್ತುವವರು ಅವರಾದರೆ ಕಣಜವೂ ಅವರದೇ ಆಗುತ್ತದೆ.

ಇಷ್ಟೆಲ್ಲ ಓದಿದ ಮೇಲೆ ನನಗೆ ಮನದಟ್ಟಾದದ್ದು ಇದು. ಸೋಲಿನ ಭಯವನ್ನು ಪೂರ್ತಿ ತೆಗೆದುಹಾಕುವ ಸರ್ಕಾರ ಎಚ್ಚರವನ್ನೂ ತೆಗೆದುಹಾಕುತ್ತದೆ. ಸೋಲನ್ನೆಲ್ಲ ಒಬ್ಬನ ತಲೆಗೇ ಕಟ್ಟಿ ದೂರ ನಿಲ್ಲುವ ಸಮಾಜ ಸಾಹಸವನ್ನೇ ಕೊಲ್ಲುತ್ತದೆ. ಕೂಡಿ ಏಳುವವರು ಕೂಡಿ ಬೀಳಲೂ ಸಿದ್ಧರಿರಬೇಕು. ಎದ್ದಾಗ ಸರ್ಕಾರ ತನ್ನ ಅಸಲನ್ನು ತೆಗೆದುಕೊಂಡು ಮುಂದಿನ ಮನೆಯ ಬಾಗಿಲಿಗೆ ಹೋಗಬೇಕು. ಸ್ಮೃತಿಕಾರರು ಸಂಭೂಯಸಮುತ್ಥಾನವೆಂದು ಹೆಸರಿಟ್ಟಾಗ ಪೇಟೆಯ ವರ್ತಕರು ಮಾತ್ರ ಅವರ ಕಣ್ಣ ಮುಂದಿದ್ದಿರಬೇಕು. ಅದರಲ್ಲಿ ರಾಜನಿಗೂ ಒಂದು ಸ್ಥಾನವುಂಟೆಂದು, ಆದರೆ ಅದು ತಾತ್ಕಾಲಿಕವೆಂದು, ನಮ್ಮ ಕಾಲ ಕಲಿತಿದೆ.

ಅಣ್ಣನಿಗೆ ಈಗ ವಯಸ್ಸಾಗಿದೆ. ಆ ಯಂತ್ರಗಳಲ್ಲಿ ಒಂದು ಇನ್ನೂ ಅವನ ಮನೆಯ ಅಟ್ಟದ ಮೇಲಿದೆ. ಈಚೆಗೆ ಹೋಗಿದ್ದಾಗ, “ಈ ಕಾಲದಲ್ಲಾಗಿದ್ದರೆ ನಿನಗೊಬ್ಬ ಪಾಲುಗಾರ ಸಿಗ್ತಿದ್ದನೇನೋ ಅಣ್ಣ” ಎಂದೆ. “ಸಿಕ್ಕಿದ್ದರೂ ನಾನು ಸೋಲ್ತಿದ್ದೆನೋ ಏನೋ, ಯಾರು ಕಂಡರು? ಅಪ್ಪನ ಮನೆಯಂತೂ ಉಳೀತಿತ್ತು” ಎಂದ. ಆಮೇಲೆ ಯಂತ್ರವನ್ನು ಇಳಿಸಿ ಧೂಳೊರಸಿ, ಅಂಗಳದಲ್ಲಿ ಹರವಿದ್ದ ಹೊಸ ಭತ್ತವನ್ನು ಒಂದು ಹಿಡಿ ತಂದು ಅದರೊಳಗೆ ಹಾಕಿದ. ಮುಳ್ಳು ಸ್ವಲ್ಪ ನಡುಗಿ, ಒಂದು ಅಂಕಿಯ ಮೇಲೆ ನಿಂತಿತು. ಅಣ್ಣ ನಾಲ್ಕು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ, “ಸರಿಯಾಗೇ ತೋರಿಸ್ತಿದೆ, ಇನ್ನೂ ಎರಡು ಬಿಸಿಲು ಬೇಕು” ಎಂದ.